ಪಥ್ಯವಿಲ್ಲದ ಮಧುಮೇಹ

ಮಧುಮೇಹ ಎಂದ ಕೂಡಲೇ ನಮಗೆ ನೆನಪಾಗುವುದು ಪಥ್ಯ. ಆದರೆ ಸಿಸ್ಟಿಕ್ ಫೈಬ್ರೋಸಿಸ್ ಎಂಬ, ಮೈಯ ಲೋಳೆ ಅಂಟಂಟಾಗುವ ಆನುವಂಶಿಕ ಕಾಯಿಲೆ ಇರುವ ಮಗುವಿಗೆ ಮಧುಮೇಹವೂ ಬಂದಾಗ, ಸಕ್ಕರೆ ಏರಿತೆಂದು ಊಟ ಕಡಿಮೆ ಮಾಡಿದರೆ ಕಾಯಿಲೆಗಿಂತ ಪಥ್ಯವೇ ಹೆಚ್ಚು ಹಾನಿ ಮಾಡುತ್ತದೆ.

ಸಿಸ್ಟಿಕ್ ಫೈಬ್ರೋಸಿಸ್ ಕಾಯಿಲೆಯ ಮೂಲ 7ನೇ ವರ್ಣತಂತುವಿನಲ್ಲಿರುವ ಒಂದು ವಂಶವಾಹಿಯ ದೋಷ; ಅದನ್ನು ಗುರುತಿಸಿದ್ದು 1989ರಲ್ಲಿ. ಈ ದೋಷದಿಂದ ಅಂಟಂಟಾಗುವ ಲೋಳೆಯು ಶ್ವಾಸಕೋಶವನ್ನಷ್ಟೇ ಅಲ್ಲದೆ ಮೇದೋಜೀರಕ ಗ್ರಂಥಿಯ, ಜೀರ್ಣಕಿಣ್ವಗಳನ್ನು ಕರುಳಿಗೆ ಒಯ್ಯುವ ಸಣ್ಣ ನಾಳಗಳನ್ನೂ ಕಟ್ಟುತ್ತದೆ. ವರ್ಷಗಳು ಕಳೆದಂತೆ ಗ್ರಂಥಿ ನಾರುಗಟ್ಟಿ, ಇನ್ಸುಲಿನ್ ತಯಾರಿಸುವ ಜೀವಕೋಶಗಳು ಕ್ಷೀಣಿಸುತ್ತವೆ. ಎದೆಯ ಸೋಂಕು ಉಲ್ಬಣಿಸಿದಾಗ ಅಥವಾ ಸ್ಟೀರಾಯ್ಡ್ ಕೊಟ್ಟಾಗ, ಇರುವಷ್ಟು ಇನ್ಸುಲಿನ್ ಕೂಡ ಸಾಲದಾಗುತ್ತದೆ.

ಇನ್ಸುಲಿನ್ ಸಕ್ಕರೆಯನ್ನು ಇಳಿಸುವ ಹಾರ್ಮೋನು ಮಾತ್ರವಲ್ಲ, ತಿಂದದ್ದನ್ನು ಸ್ನಾಯುವಾಗಿ, ಮೈತೂಕವಾಗಿ ಕೂಡಿಡುವುದೂ ಅದೇ. ಅದು ಕಡಿಮೆಯಾದರೆ ಮಗು ಸೊರಗುತ್ತದೆ, ಉಸಿರಾಟದ ಶಕ್ತಿಯೂ ಕುಗ್ಗುತ್ತದೆ. ಎಷ್ಟೋ ಸಲ ಈ ಇಳಿತ ಮಧುಮೇಹ ಪತ್ತೆಯಾಗುವ ಮೊದಲೇ ಶುರುವಾಗಿರುತ್ತದೆ.

ಬರಿಹೊಟ್ಟೆಯ ಸಕ್ಕರೆ ಬಹುಕಾಲ ಸರಿಯಾಗಿಯೇ ಇರಬಹುದು, ಕಳೆದ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ ರಕ್ತಪರೀಕ್ಷೆಯಾದ ಎಚ್‌ಬಿಎ1ಸಿ ಕೂಡ ಈ ಮಕ್ಕಳಲ್ಲಿ ಇರುವುದಕ್ಕಿಂತ ಕಡಿಮೆ ತೋರಿಸಬಹುದು. ಹೀಗಾಗಿ 10 ವರ್ಷ ತುಂಬಿದ ಮೇಲೆ ಪ್ರತಿ ವರ್ಷ, ಮಗು ಆರೋಗ್ಯವಾಗಿರುವಾಗ ಗ್ಲುಕೋಸ್ ನೀರು ಕುಡಿಸಿ, 2 ಗಂಟೆಯ ನಂತರ ರಕ್ತ ಪರೀಕ್ಷಿಸಬೇಕೆಂಬುದು ವೈದ್ಯರ ಸಲಹೆ.

ಚಿಕಿತ್ಸೆ ಇನ್ಸುಲಿನ್, ಮಾತ್ರೆಗಳನ್ನು ಸಾಮಾನ್ಯವಾಗಿ ಶಿಫಾರಸು ಮಾಡುವುದಿಲ್ಲ. ಕೊಬ್ಬು, ಉಪ್ಪು, ಕ್ಯಾಲೊರಿ ಹೇರಳವಾಗಿರುವ ಊಟ ಎಂದಿನಂತೆಯೇ ನಡೆಯಬೇಕು. ಊಟಕ್ಕೆ ತಕ್ಕಂತೆ ಇನ್ಸುಲಿನ್ ಹೊಂದಿಸಬೇಕೇ ಹೊರತು ಇನ್ಸುಲಿನ್‌ಗೆ ತಕ್ಕಂತೆ ಊಟವನ್ನಲ್ಲ. ಪೋಷಣೆಯಿಲ್ಲದ ಸಿಹಿ ಪಾನೀಯಗಳನ್ನಷ್ಟೇ ಮಿತಗೊಳಿಸಿದರೆ ಸಾಕು.

ಮನೆಯವರಿಗೆ ನಿಜವಾದ ಪರೀಕ್ಷೆ ಊಟದ ಹೊತ್ತಿನಲ್ಲಿ. ಜೀರ್ಣಕ್ಕೆಂದು ಕಿಣ್ವದ ಕ್ಯಾಪ್ಸೂಲ್, ಸಕ್ಕರೆಗೆಂದು ಇನ್ಸುಲಿನ್, ಎರಡೂ ಅದೇ ತಟ್ಟೆಗೆ ಲೆಕ್ಕ ಹಾಕಿದವು. ಕ್ಯಾಪ್ಸೂಲ್ ಮರೆತರೆ ತಿಂದದ್ದು ಸರಿಯಾಗಿ ರಕ್ತಕ್ಕೆ ಸೇರದೆ, ಚುಚ್ಚಿದ ಇನ್ಸುಲಿನ್ ಸಕ್ಕರೆಯನ್ನು ತೀರಾ ಕೆಳಗಿಳಿಸಬಹುದು. ಆಗ ಬೆವರು, ನಡುಕ, ಮಂಕು ಕಾಣಿಸುತ್ತವೆ. ಕೆಮ್ಮಿ ಸುಸ್ತಾದ ಮಗು ನಾಲ್ಕು ತುತ್ತಿಗೇ ತಟ್ಟೆ ಸರಿಸಬಹುದಾದ ದಿನಗಳಲ್ಲಿ, ವೈದ್ಯರ ಒಪ್ಪಿಗೆಯಿದ್ದರೆ, ಬೇಗ ಕೆಲಸ ಮಾಡುವ ಇನ್ಸುಲಿನ್ ಅನ್ನು ಊಟ ಮುಗಿದ ಕೂಡಲೇ, ತಿಂದಷ್ಟಕ್ಕೆ ಮಾತ್ರ ಲೆಕ್ಕ ಹಾಕಿ ಕೊಡಬಹುದು.