4294967297: ಇದರೊಳಗೆ 641 ಎಲ್ಲಿ ಅಡಗಿತ್ತು?

ಹತ್ತು ಅಂಕಿ, ಮೊಬೈಲ್ ನಂಬರಿನಷ್ಟೇ ಉದ್ದ. ಬಾಯಲ್ಲಿ ಹೇಳೋದಾದ್ರೆ 429 ಕೋಟಿ 49 ಲಕ್ಷ 67 ಸಾವಿರದ 297. 2ರ 32ನೇ ಘಾತಕ್ಕೆ 1 ಕೂಡಿಸಿದರೆ ಸಿಗುವ ಸಂಖ್ಯೆ ಇದು.

1640ರ ಹೊತ್ತಿಗೆ ಫ್ರಾನ್ಸಿನ ಗಣಿತಜ್ಞ ಫರ್ಮಾ ಕಣ್ಣಿಗೆ ಒಂದು ಸಾಲು ಬಿದ್ದಿತ್ತು: 3, 5, 17, 257, 65537. ಒಂದರಲ್ಲಿ 1 ಕಳೆದು, ವರ್ಗ ಮಾಡಿ, ಮತ್ತೆ 1 ಕೂಡಿಸಿದರೆ ಮುಂದಿನದು. ಐದೂ ಅವಿಭಾಜ್ಯ. ಆರನೆಯದೇ ನಮ್ಮ ಸಂಖ್ಯೆ, ಅದೂ ಅವಿಭಾಜ್ಯವೇ ಅಂತ ಅವನು ನಂಬಿದ್ದ. 1732ರಲ್ಲಿ ಗಣಿತಜ್ಞ ಆಯ್ಲರ್ ಅದನ್ನು ಒಡೆದು ತೋರಿಸಿದ: 641 × 6700417.

ನಾನು ಮೊದಲು ಸುಮ್ನೆ ಭಾಗಿಸುತ್ತಾ ಕೂತೆ. 3ಕ್ಕೆ ಅಂಕಿಗಳ ಮೊತ್ತ ಸಾಕು, 59 ಬಂತು, ಹೋಗಲ್ಲ. 7ರಲ್ಲಿ ಶೇಷ 5. 43ರ ಹೊತ್ತಿಗೆ ಪೆನ್ನು ಕೆಳಗಿಟ್ಟೆ. 641 ಅನ್ನೋದು 116ನೇ ಅವಿಭಾಜ್ಯ ಸಂಖ್ಯೆ ಕಣ್ರೀ, ಹೀಗೆ ಹೋದ್ರೆ ಯಾವಾಗ ಮುಟ್ಟೋದು?

ಆಯ್ಲರ್ ಹಾಗೆ ಹೋಗಲಿಲ್ಲ. p ಎಂಬ ಅವಿಭಾಜ್ಯ ನಮ್ಮ ಸಂಖ್ಯೆಯನ್ನು ಭಾಗಿಸುತ್ತದೆ ಅಂದುಕೊಳ್ಳಿ. ಆಗ p ಯಿಂದ ಭಾಗಿಸಿದರೆ 2ರ 32ನೇ ಘಾತಕ್ಕೆ ಶೇಷ −1 (ಪೂರ್ತಿ ಭಾಗ ಹೋಗಲು 1 ಕಡಿಮೆ ಅಂತ), ಅಂದರೆ ಅದರ ವರ್ಗವಾದ 64ನೇ ಘಾತಕ್ಕೆ ಶೇಷ 1, ಅದಕ್ಕಿಂತ ಮೊದಲು ಎಲ್ಲೂ 1 ಬರುವುದಿಲ್ಲ. ಆಮೇಲೂ 1 ಬರುವುದು 128, 192 ಹೀಗೆ 64ರ ಮಗ್ಗಿಯ ಘಾತಗಳಲ್ಲಿ ಮಾತ್ರ. ಇನ್ನೊಂದು ಕಡೆ, ಬೆಸ ಅವಿಭಾಜ್ಯ p ಯಾವುದೇ ಇರಲಿ, 2ರ (p−1)ನೇ ಘಾತಕ್ಕೆ ಶೇಷ 1 ಬಂದೇ ಬರುತ್ತದೆ. ಹಾಗಾಗಿ p−1 ಎನ್ನುವುದು 64ರ ಮಗ್ಗಿಯಲ್ಲೇ ಇರಬೇಕು. ತಮಾಷೆ ಏನಂದ್ರೆ, ಈ ಎರಡನೇ ಮಾತು ಸ್ವತಃ ಫರ್ಮಾನದ್ದೇ! ತನ್ನ ಊಹೆಯನ್ನು ಕೆಡವುವ ಆಯುಧ ಅವನ ಕೈಯಲ್ಲೇ ಇತ್ತು.

ಈಗ 64ರ ಮಗ್ಗಿಗೆ 1 ಕೂಡಿಸುತ್ತಾ ಹೋಗಿ: 65, 129, 193, 257, 321... ಇವುಗಳಲ್ಲಿ ಅವಿಭಾಜ್ಯಗಳು ಮಾತ್ರ ಸಾಕು: 193, 257, 449, 577, 641. ಐದನೇ ಸಲಕ್ಕೇ ಸಿಕ್ಕಿಬಿತ್ತು. 116 ಎಲ್ಲಿ, 5 ಎಲ್ಲಿ!

641 ಹೋಗುತ್ತದೆ ಅಂತ ನೋಡೋಕೆ ಉದ್ದದ ಭಾಗಾಕಾರವೂ ಬೇಡ. ನನಗೆ ಇದೇ ಜಾಸ್ತಿ ಇಷ್ಟ. 641ನ್ನು ಎರಡು ರೀತಿ ಬರೆಯಿರಿ:

641 = 5 × 128 + 1
641 = 625 + 16

128 ಅಂದರೆ 2ರ 7ನೇ ಘಾತ, 625 ಅಂದರೆ 5ರ 4ನೇ ಘಾತ. 641ರಿಂದ ಭಾಗಿಸಿದಾಗ, ಮೊದಲ ಸಾಲಿನ ಪ್ರಕಾರ 5 × 128ಕ್ಕೆ ಶೇಷ −1. ಎರಡೂ ಕಡೆ 4ನೇ ಘಾತ ತೆಗೆಯಿರಿ: 625 × (2ರ 28ನೇ ಘಾತ) ಶೇಷ 1. ಎರಡನೇ ಸಾಲಿನಿಂದ 625ರ ಜಾಗದಲ್ಲಿ −16 ಹಾಕಬಹುದು. 16 ಅಂದರೆ 2ರ 4ನೇ ಘಾತ, 28ಕ್ಕೆ ಸೇರಿ 32 ಆಯಿತು. ಹಾಗಾಗಿ −(2ರ 32ನೇ ಘಾತ) ಶೇಷ 1, ಅಂದರೆ 2ರ 32ನೇ ಘಾತಕ್ಕೆ 1 ಕೂಡಿಸಿದರೆ ಶೇಷ 0. ಮುಗೀತು. ಇಲ್ಲಿ ಮೈನಸ್ ಚಿಹ್ನೆ ಬಿಟ್ಟುಹೋದರೆ ಲೆಕ್ಕ ತಪ್ಪುತ್ತೆ, ನಾನು ಎರಡು ಸಲ ಬಿಟ್ಟಿದ್ದೆ.

ಉಳಿದ 6700417 ಅವಿಭಾಜ್ಯ. ಅದರಲ್ಲೂ 1 ಕಳೆದು 64ರಿಂದ ಭಾಗಿಸಿ ನೋಡಿ, 104694 ಸರಿಯಾಗಿ ಬರುತ್ತೆ.

ಇನ್ನೊಂದು ವಿಷಯ. ನಮ್ಮ ಸಂಖ್ಯೆ 65536ರ ವರ್ಗ + 1ರ ವರ್ಗ, ಅದು ಕಣ್ಣಿಗೇ ಕಾಣುತ್ತೆ. ಆದರೆ 62264ರ ವರ್ಗಕ್ಕೆ 20449ರ ವರ್ಗ ಕೂಡಿಸಿದರೂ ಇದೇ ಬರುತ್ತೆ: 3876805696 + 418161601. ಅವಿಭಾಜ್ಯ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಎರಡು ಬೇರೆ ಬೇರೆ ರೀತಿ ಬರೆಯೋಕೆ ಆಗಲ್ಲ. ಅಂದರೆ 641ರ ಹೆಸರೇ ಎತ್ತದೆ, ಈ ಒಂದು ಕೂಡಿಕೆಯಿಂದಲೂ ಫರ್ಮಾನ ಊಹೆ ಬಿದ್ದುಹೋಗುತ್ತೆ, ಅಲ್ವಾ?