ಪೊನ್ನಮ್ಮನ ಪಕಾರ

ಪೊನ್ನಮ್ಮ, ಪೂವಮ್ಮ ಮುಂತಾದವು ಕೊಡಗಿನಲ್ಲಿ ಅಜ್ಜಿಯರ ಕಾಲದ ಹೆಸರುಗಳು. ಈಗಿನ ತೊಟ್ಟಿಲುಗಳಿಗೆ ಎರಡಕ್ಷರದ ನಯವಾದ ಹೆಸರುಗಳೇ ಬೇಕು. (2014ರ ಏಷ್ಯನ್ ಕ್ರೀಡಾಕೂಟದ ರಿಲೇಯಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದ ಎಂ. ಆರ್. ಪೂವಮ್ಮ ಒಂದು ಸೊಗಸಾದ ಅಪವಾದ.)

ಪೊನ್ ಎಂದರೆ ಹೊನ್ನು. ಅರ್ಥದಲ್ಲಿ ಒಗಟೇನಿಲ್ಲ, ಸ್ವಾರಸ್ಯವೆಲ್ಲ ಮೊದಲ ಅಕ್ಷರದಲ್ಲಿದೆ. ಚಿಕ್ಕದೇವರಾಜ ಒಡೆಯರ ಕಾಲದ ಕವಯಿತ್ರಿ ಸಂಚಿಯ ಹೊನ್ನಮ್ಮನದೂ ಇದೇ ಹೆಸರು. ಅವಳಿಗಿಂತ ಏಳು ಶತಮಾನ ಹಿಂದಿನ ಕನ್ನಡ ಕವಿಯನ್ನು ಮಾತ್ರ ನಾವು ಪೊನ್ನ ಎಂದೇ ಕರೆಯುತ್ತೇವೆ. ಸುಮಾರು 10ನೆಯ ಶತಮಾನದಲ್ಲಿ ತಲೆದೋರಿ ಮುಂದಿನ ಕೆಲವು ಶತಮಾನಗಳಲ್ಲಿ ಹರಡಿದ ಬದಲಾವಣೆಯೊಂದು ಕನ್ನಡದ ಪದಾದಿಯ ಪಕಾರವನ್ನು ಹಕಾರವಾಗಿಸಿತು: ಪಾಲು ಹಾಲಾಯಿತು, ಪಾವು ಹಾವಾಯಿತು, ಪೂ ಹೂವಾಯಿತು.

ಅಂಗೈಯನ್ನು ಬಾಯಿಯ ಮುಂದೆ ಹಿಡಿದು ‘ಪ’ ಎನ್ನಿ. ತುಟಿಗಳೆರಡೂ ಮುಚ್ಚಿ, ಒಳಗೆ ತಡೆದ ಉಸಿರು ಥಟ್ಟನೆ ಸಿಡಿಯುತ್ತದೆ. ತುಟಿಗಳನ್ನು ಪೂರ್ತಿ ಮುಚ್ಚದೆ ಅದನ್ನೇ ಹೇಳಲು ನೋಡಿ: ಉಸಿರು ಸೋರುತ್ತದೆ. ಸೋರುವಿಕೆ ರೂಢಿಯಾಗಿ ತುಟಿಗಳು ಕೆಲಸವನ್ನೇ ಬಿಟ್ಟರೆ ಕೊನೆಗೆ ಉಳಿಯುವುದು ‘ಹ’. ಇದು ನಮ್ಮೊಬ್ಬರ ಸೋಮಾರಿತನವಲ್ಲ. ಜಪಾನಿ ಭಾಷೆಯ ಪಕಾರವೂ ಇದೇ ಹಾದಿ ಹಿಡಿದಿದೆ.

ಕೊಡವರ ಭಾಷೆಯಾದ ಕೊಡವ ತಕ್ಕ್ ಮಾತ್ರ ತಮಿಳು, ಮಲಯಾಳ, ತುಳುಗಳಂತೆ ಹಳೆಯ ಪಕಾರವನ್ನು ಬಿಡಲಿಲ್ಲ. ಕನ್ನಡಿಗರು ಹುತ್ತರಿ ಎನ್ನುವ ಸುಗ್ಗಿಹಬ್ಬ ಕೊಡವರಿಗೆ ಪುತ್ತರಿ. ನಮ್ಮ ಹಂದಿ ಅಲ್ಲಿನ ಅಡುಗೆಮನೆಯಲ್ಲಿ ಪಂದಿ ಕರಿಯಾಗುತ್ತದೆ. ಕೊಡವ ತಕ್ಕನ್ನು ಕೆಟ್ಟ ಕನ್ನಡವೆಂದು ಮೂಗು ಮುರಿಯುವವರು ಇದನ್ನು ಗಮನಿಸಬೇಕು: ಅದು ಸ್ವತಂತ್ರ ದ್ರಾವಿಡ ಭಾಷೆ, ಮತ್ತು ಈ ವಿಷಯದಲ್ಲಿ ಜಾರಿದವರು ನಾವೇ.

ಹಾಗೆಂದು ನಮ್ಮ ಪಕಾರಗಳೆಲ್ಲ ಕರಗಲಿಲ್ಲ. ಪೂಜೆ, ಪಾಪ, ಪುಣ್ಯಗಳನ್ನು ಸಂಸ್ಕೃತದ ನಂಟು ಕಾಪಾಡಿತು. ಒತ್ತಕ್ಷರದ ಪಕಾರ ಗಟ್ಟಿ. ಅಪ್ಪ, ಉಪ್ಪು, ತುಪ್ಪಗಳು ಅಲುಗಲಿಲ್ಲ. ಅನುಸ್ವಾರದ ಬೆನ್ನಿಗಿದ್ದದ್ದೂ ಬದುಕಿತು, ಆದ್ದರಿಂದಲೇ ಪಂಪೆ ಹಂಪೆಯಾಯಿತೇ ಹೊರತು ಹಂಹೆಯಾಗಲಿಲ್ಲ. ಪೊನ್ನಮ್ಮನ ಅಣ್ಣ ಪೊನ್ನಪ್ಪನ ಹೆಸರಿನಲ್ಲಂತೂ ಎರಡು ಬಗೆಯ ಪಕಾರಗಳೂ ಇವೆ: ಕನ್ನಡದ ಬಾಯಿಗೆ ಬಿದ್ದಾಗ ಮೊದಲನೆಯದು ಸೋರಿಹೋಗಿ, ಎರಡನೆಯದು ಜಗ್ಗದೆ ನಿಂತು, ಅವನು ಹೊನ್ನಪ್ಪನಾಗುತ್ತಾನೆ.