ಮೆಣಸು 1819ರಲ್ಲೇ ಗುಟ್ಟು ಬಿಟ್ಟಿತು, ಗಾಂಜಾ ಇನ್ನೂ ಬಿಡುತ್ತಿದೆ

ಫೆಬ್ರವರಿಯಲ್ಲಿ ಕೊಡಗಿನ ಕಾಫಿ ತೋಟಗಳ ಕಣದಲ್ಲಿ ಮೆಣಸು ಹರವಿರುತ್ತದೆ. ಒಣಗಿದ ನಾಲ್ಕು ಕಾಳು ಕುಟ್ಟಿ ಮೂಗಿನ ಹತ್ತಿರ ಹಿಡಿಯಿರಿ. ಸೀನು ಬರುವುದಕ್ಕೆ ಮುಂಚೆ ಮರದ ಚಕ್ಕೆಯಂಥ ಒಂದು ಘಮ ಬರುತ್ತದಲ್ಲ, ಅದರ ಹಿಂದಿರುವ ವಸ್ತುಗಳಲ್ಲಿ ಬೀಟಾ ಕ್ಯಾರಿಯೋಫಿಲೀನ್ ಒಂದು. ಗಾಂಜಾ ಹೂವಿನಲ್ಲೂ ಅದೇ ಇದೆ. ಇದು ಅಮಲು ತರಿಸುವುದಿಲ್ಲ. ಆದರೂ ಗಾಂಜಾದ ರಾಸಾಯನಿಕಗಳು ನಮ್ಮ ದೇಹದಲ್ಲಿ ಹೋಗಿ ಕೂರುವ, ಜೀವಕೋಶಗಳ ಮೇಲಿನ ಗ್ರಾಹಕಗಳಲ್ಲೊಂದಕ್ಕೆ (ರಿಸೆಪ್ಟರ್) ಇದೂ ಅಂಟಿಕೊಳ್ಳುತ್ತದೆಂದು 2008ರಲ್ಲಿ ಗೊತ್ತಾಯಿತು.

ನಮ್ಮ ತೋಟದ ಎರಡು ಬೆಳೆಗಳ ಗುಟ್ಟು ಒಂದೇ ವರ್ಷ ರಟ್ಟಾಗಿತ್ತು. 1819ರಲ್ಲಿ ಜರ್ಮನಿಯ ರುಂಗೆ ಕಾಫಿ ಬೀಜದಿಂದ ಕೆಫೀನನ್ನು, ಡೆನ್ಮಾರ್ಕಿನ ಅರ್ಸ್ಟೆಡ್ ಮೆಣಸಿನಿಂದ ಅದರ ಖಾರದ ವಸ್ತು ಪೈಪರೀನನ್ನು ಬೇರ್ಪಡಿಸಿದರು. ಗಾಂಜಾದ ಅಮಲಿನ ವಸ್ತು ಶುದ್ಧ ರೂಪದಲ್ಲಿ ಕೈಗೆ ಸಿಕ್ಕಿ ಅದರ ರಚನೆ ತಿಳಿದದ್ದು 1964ರಲ್ಲಿ. ನಡುವೆ 145 ವರ್ಷ.

ಮೊದಲ ಅಡ್ಡಿ ಅಂಟು. ಕೆಫೀನ್, ಪೈಪರೀನ್ ಹರಳುಗಟ್ಟುತ್ತವೆ, ಸೋಸಿ ತೆಗೆಯಬಹುದು. ಗಾಂಜಾ ಹೂವಿನ ಮೇಲೆ ಗುಂಡುಸೂಜಿಗಳಂತೆ ನಿಂತ ಸಣ್ಣ ರೋಮಗಳ ತಲೆಯಲ್ಲಿ ತುಂಬಿಕೊಳ್ಳುವುದು ಹಲಸಿನ ಮೇಣದಂಥ ರಾಳ. ಅದರೊಳಗೆ ಅಣ್ಣತಮ್ಮಂದಿರಂತೆ ಒಂದನ್ನೊಂದು ಹೋಲುವ ಹತ್ತಾರು ವಸ್ತುಗಳು. 1890ರ ದಶಕದಲ್ಲಿ ಕೇಂಬ್ರಿಜ್‌ನವರು ಕ್ಯಾನಬಿನಾಲ್ ಬೇರ್ಪಡಿಸಿ, ಅಮಲಿಗೆ ಇದೇ ಕಾರಣ ಎಂದುಕೊಂಡರು. ನಿಜವಾದ ವಸ್ತು ಗಾಳಿಗೆ ಹಳತಾದಾಗ ಆಗುವುದೇ ಕ್ಯಾನಬಿನಾಲ್ ಎಂದು ತಿಳಿದದ್ದು ಆಮೇಲೆ.

ಅದೇ ದಶಕದಲ್ಲಿ, 1893-94ರಲ್ಲಿ, ಬ್ರಿಟಿಷ್ ಸರ್ಕಾರ ಗಾಂಜಾ ಬಳಕೆಯ ವಿಚಾರಣೆಗೆ ನೇಮಿಸಿದ್ದ ಹೆಂಪ್ ಡ್ರಗ್ಸ್ ಆಯೋಗ ಸಾವಿರಕ್ಕೂ ಹೆಚ್ಚು ಜನರ ಸಾಕ್ಷ್ಯ ಪಡೆಯಿತು. ಕೊಡಗಿನ ಸಾಕ್ಷ್ಯಗಳೂ ಅದರ ಸಂಪುಟಗಳಲ್ಲಿವೆ. ಯಾರು ಸೇದುತ್ತಾರೆ, ಏನಾಗುತ್ತದೆ ಎಂದೆಲ್ಲ ಕೇಳಿ ಬರೆದುಕೊಂಡವರಿಗೆ ಗಿಡದೊಳಗೆ ಅಮಲು ತರುವುದು ಯಾವುದು ಎಂದು ಖಚಿತವಾಗಿ ಹೇಳಬಲ್ಲ ಒಬ್ಬ ರಸಾಯನಶಾಸ್ತ್ರಜ್ಞನೂ ಅಂದು ಇರಲಿಲ್ಲ.

1940ರಲ್ಲಿ ಅಮೆರಿಕದ ರೋಜರ್ ಆಡಮ್ಸ್ ಈ ಗಿಡದ ಇನ್ನೊಂದು ವಸ್ತು, ಅಮಲು ತರಿಸದ ಸಿಬಿಡಿ ತೆಗೆದರು. ಬೀಗ ತೆರೆದವರು ಇಸ್ರೇಲಿನ ರಾಫೆಲ್ ಮೆಚೌಲಮ್ ಮತ್ತು ಯೆಹಿಯೆಲ್ ಗಾವೊನಿ. ಪೊಲೀಸರು ಜಪ್ತಿ ಮಾಡಿದ್ದ ಐದು ಕಿಲೋ ಹಶೀಶನ್ನು (ಗಾಂಜಾ ಗಿಡದ ರಾಳ) ಮೆಚೌಲಮ್ ಕೇಳಿ ಪಡೆದು, ಬಸ್ಸಿನಲ್ಲಿ ಪ್ರಯೋಗಾಲಯಕ್ಕೆ ತಂದರು. ಅದರಿಂದ ಅಮಲಿನ ಆ ವಸ್ತು, ಟಿಎಚ್‌ಸಿ, ಹೊರಬಂತು. ಮುಂದೆ 1992ರಲ್ಲಿ ಅವರದೇ ಪ್ರಯೋಗಾಲಯ, ಟಿಎಚ್‌ಸಿ ಕೂರುವ ಗ್ರಾಹಕದ ಮೇಲೆ ಕೂರಲೆಂದು ನಮ್ಮ ಮಿದುಳೇ ತಯಾರಿಸುವ ವಸ್ತುವನ್ನು ಕಂಡುಹಿಡಿದು ಆನಂದಮೈಡ್ ಎಂದು ಕರೆಯಿತು. ಹೆಸರಿನಲ್ಲಿರುವುದು ನಮ್ಮ 'ಆನಂದ'ವೇ.

ಈಗ ಟಿಎಚ್‌ಸಿ, ಸಿಬಿಡಿಯಂಥ ಗಾಂಜಾದ ವಸ್ತುಗಳು, ಅಂದರೆ ಕ್ಯಾನಬಿನಾಯ್ಡ್‌ಗಳು, ನೂರಕ್ಕೂ ಹೆಚ್ಚು ಲೆಕ್ಕಕ್ಕೆ ಸಿಕ್ಕಿವೆ. 2019ರ ಕೊನೆಗೆ ಇಟಲಿಯವರು ಟಿಎಚ್‌ಸಿಪಿ ಎಂಬುದನ್ನು ಪತ್ತೆ ಮಾಡಿದರು. ಟಿಎಚ್‌ಸಿಯ ಬಾಲದಲ್ಲಿ ಐದು ಇಂಗಾಲದ ಕೊಂಡಿಗಳಿದ್ದರೆ ಇದರಲ್ಲಿ ಏಳು. ಗಾಜಿನ ಕೊಳವೆಯ ಪರೀಕ್ಷೆಯಲ್ಲಿ ಅದು ಮಿದುಳಿನ ಗ್ರಾಹಕವನ್ನು ಮೂವತ್ತಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಹಿಡಿಯಿತು. ಅಮಲು ಅಷ್ಟೇ ಪಟ್ಟು ಏರುತ್ತದೆಂದು ಇದರರ್ಥವಲ್ಲ. ಆದರೆ 'ಗಿಡಮೂಲಿಕೆ ತಾನೇ, ಏನಾಗುತ್ತೆ' ಎನ್ನುವ ಹುಡುಗರಿಗೆ ಈ ಸಂಗತಿಯನ್ನು ನಾನು ಬಿಡದೆ ಹೇಳುತ್ತೇನೆ. 2021ರಲ್ಲಿ ಆ ಗಿಡದ ಘಾಟು ವಾಸನೆಯ ಮೂಲವೂ ಸಿಕ್ಕಿತು. ಅದು ಗಂಧಕದ ಸಂಯುಕ್ತ. ಹುರಿದ ಕಾಫಿಯ ಘಮದಲ್ಲೂ ಗಂಧಕದ ಸಂಯುಕ್ತಗಳಿವೆ.

ಮಾದಕ ವಸ್ತುಗಳನ್ನು ನಿಯಂತ್ರಿಸುವ ನಮ್ಮ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಎಂದರೆ ಹೂ ಅಥವಾ ಕಾಯಿ ಬಿಟ್ಟ ತುದಿ. ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶಕ್ಕೆ ಅದೇ ಕಾಯ್ದೆ ಬಾಗಿಲು ತೆರೆದಿಟ್ಟಿದೆ. ಜಪ್ತಿಯಾದ ಗಾಂಜಾವನ್ನು ರಾಶಿ ಹಾಕಿ ಸುಡುವ ಸುದ್ದಿ ಪತ್ರಿಕೆಯಲ್ಲಿ ಕಂಡಾಗಲೆಲ್ಲ ನನಗೆ ಬಸ್ಸಿನಲ್ಲಿ ಬಂದ ಆ ಐದು ಕಿಲೋ ನೆನಪಾಗುತ್ತದೆ. ನಮ್ಮ ಮಣ್ಣಲ್ಲಿ ಬೆಳೆದ ಗಿಡದೊಳಗೆ ಏನೇನಿದೆ ಎಂದು ನೋಡಲು, ಬೆಂಕಿ ಹಚ್ಚುವ ಮುನ್ನ, ಒಂದು ಹಿಡಿಯಾದರೂ ಪರವಾನಗಿ ಇರುವ ಪ್ರಯೋಗಾಲಯಕ್ಕೆ ಹೋಗಲಿ.